ಅಣಬೆಯೊಳಗೆ ಖಾಲಿ ಬಿದ್ದ ಹುದ್ದೆಗಳು

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಕೆನೆಟ್ ಸ್ಕ್ವೇರ್ ಎಂಬ ಪುಟ್ಟ ಊರಿದೆ. ಹೊಸ ವರ್ಷದ ಹಿಂದಿನ ರಾತ್ರಿ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನಲ್ಲಿ ಬೆಳಕಿನ ಚೆಂಡು ಇಳಿದರೆ, ಇಲ್ಲಿ ದೀಪ ತುಂಬಿದ ದೊಡ್ಡದೊಂದು ಅಣಬೆ ಇಳಿಯುತ್ತದೆ. ಊರಿನ ಬದುಕೇ ಅಣಬೆಯದು. 1880ರ ದಶಕದಲ್ಲಿ ಇಲ್ಲಿನ ಕ್ವೇಕರ್ ಪಂಥದ ಬೆಳೆಗಾರರು ಗಾಜಿನಮನೆಗಳಲ್ಲಿ ಕಾರ್ನೇಷನ್ ಹೂ ಬೆಳೆಯುತ್ತಿದ್ದರು. ಹೂವಿನ ಮಡಿಗಳ ಕೆಳಗಿನ ಕತ್ತಲ ಜಾಗ ಸುಮ್ಮನೆ ಬಿದ್ದಿತ್ತು. ಅಲ್ಲಿ ಅಣಬೆ ಬೆಳೆಸಿದರೆ ಹೇಗೆ ಎಂದು ಯೋಚಿಸಿದವರಿಂದ ಶುರುವಾದ ಉದ್ಯಮ ಬೆಳೆಯುತ್ತ ಹೋಗಿ, ಇವತ್ತು ಅಮೆರಿಕದ ಅಣಬೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪೆನ್ಸಿಲ್ವೇನಿಯಾದಿಂದಲೇ ಬರುತ್ತದೆ.

ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್‌ನಿಂದ ಹೊಸ ವರ್ಷದವರೆಗೆ ಅಲ್ಲಿನ ಮನೆಗಳಲ್ಲಿ ಊಟದ ಕೂಟಗಳೇ ಕೂಟಗಳು. ಊಟಕ್ಕೆ ಮುಂಚೆ ನಿಂತುಕೊಂಡೇ ಬಾಯಿಗೆ ಹಾಕಿಕೊಳ್ಳುವ ತಿನಿಸುಗಳಲ್ಲಿ ಹೂರಣ ತುಂಬಿ ಬೇಯಿಸಿದ ಅಣಬೆಗೆ ಖಾಯಂ ಜಾಗವಿದೆ. ಇಟಲಿಯಿಂದ ವಲಸೆ ಬಂದವರ ಅಡುಗೆಮನೆಗಳಲ್ಲಿ ಬೆಳೆದ ತಿನಿಸು ಇದು. ಅಣಬೆಯ ಕಾಂಡ ಕಿತ್ತು, ಅದನ್ನು ಸಣ್ಣಗೆ ಹೆಚ್ಚಿ, ಬೆಳ್ಳುಳ್ಳಿ, ಬ್ರೆಡ್ಡಿನ ಪುಡಿ, ಪಾರ್ಮೆಸಾನ್ ಚೀಸ್ ಸೇರಿಸಿ, ಕೆಲವರು ಕ್ರೀಮ್ ಚೀಸನ್ನೂ ಬೆರೆಸಿ, ಟೊಪ್ಪಿಯೊಳಗೆ ತುಂಬಿ ಓವನ್ನಿನಲ್ಲಿಟ್ಟರೆ ಮುಗಿಯಿತು. ಬೆಂಗಳೂರು, ಶಿವಮೊಗ್ಗ, ಧಾರವಾಡಗಳಿಂದ ಹೋಗಿ ನೆಲೆಸಿದ ನಮ್ಮವರ, ಒಬ್ಬೊಬ್ಬರು ಒಂದೊಂದು ತಿನಿಸು ಮಾಡಿ ತರುವ ಪಾಟ್‌ಲಕ್ ಕೂಟಗಳಿಗೂ ಮಾಂಸವಿಲ್ಲದ ತಿನಿಸೆಂಬ ಕಾರಣಕ್ಕೆ ಇದು ಸಲೀಸಾಗಿ ನುಸುಳಿದೆ. ಅಪ್ಪಟ ಇಟಾಲಿಯನ್ ಪಾರ್ಮಿಜಾನೋ ರೆಜ್ಜಾನೋ ಚೀಸಿಗೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ ಎಂಬುದು ಆ ಕೂಟದ ಸಸ್ಯಾಹಾರಿಗಳೆಲ್ಲರಿಗೂ ಗೊತ್ತಿರಲಿಕ್ಕಿಲ್ಲ.

ಈಗ ಕೂಟಕ್ಕೆ ಬರುವವರಲ್ಲಿ ಒಬ್ಬರಿಗೆ ಹಾಲು ಆಗದು, ಇನ್ನೊಬ್ಬರಿಗೆ ಗೋಧಿ ಆಗದು ಎನ್ನೋಣ. ಮಾಡುವವರು ಸಾಮಾನ್ಯವಾಗಿ ಎರಡರಲ್ಲಿ ಒಂದು ದಾರಿ ಹಿಡಿಯುತ್ತಾರೆ. ಚೀಸು, ಬ್ರೆಡ್ಡು ಎರಡನ್ನೂ ಕೈಬಿಟ್ಟು ಉಳಿದಿದ್ದನ್ನು ತುಂಬುತ್ತಾರೆ. ಅದು ನೀರು ಬಿಟ್ಟುಕೊಂಡು, ಸಪ್ಪೆಯಾಗಿ, ಕಚ್ಚಿದರೆ ಉದುರಿ ಅಂಗಿಯ ಮೇಲೆ ಬೀಳುತ್ತದೆ. ಇಲ್ಲವೇ ಅಂಗಡಿಯಿಂದ ನಕಲಿ ಚೀಸು, ನಕಲಿ ಬ್ರೆಡ್ಡು ದುಬಾರಿ ಬೆಲೆಗೆ ತಂದು ಅದೇ ಪಾಕವನ್ನು ಮುಂದುವರಿಸುತ್ತಾರೆ. ಎರಡೂ ದಾರಿಗಳಲ್ಲಿ ಒಂದು ಪ್ರಶ್ನೆ ತಪ್ಪಿಹೋಗಿದೆ: ಚೀಸು ಮತ್ತು ಬ್ರೆಡ್ಡು ಆ ಅಣಬೆಯೊಳಗೆ ಮಾಡುತ್ತಿದ್ದ ಕೆಲಸವಾದರೂ ಏನು? ಕೆಲಸ ಬಿಟ್ಟು ಹೋದವರ ಹೆಸರಿನವರನ್ನೇ ಹುಡುಕಿ ತಂದು ಕೂರಿಸಿದರೆ ಕಚೇರಿ ನಡೆಯುವುದಿಲ್ಲ. ಖಾಲಿ ಬಿದ್ದ ಹುದ್ದೆಗಳೆಷ್ಟು, ಯಾವ ಕೆಲಸಕ್ಕೆ ಯಾರು ಎಂದು ನೋಡಬೇಕು.

ಅದಕ್ಕೆ ಮೊದಲು, ಬ್ರೆಡ್ಡು ಮತ್ತು ಚೀಸು ಹೋಗಲೇಬೇಕಾದದ್ದೇಕೆ ಎಂಬುದನ್ನು ನೋಡೋಣ.

ಗೋಧಿ ಹಿಟ್ಟನ್ನು ಕಲಸಿ, ಆ ಕಣಕವನ್ನು ನೀರಿನಲ್ಲಿ ಕಿವುಚುತ್ತ ಹೋದರೆ ಪಿಷ್ಟವೆಲ್ಲ ಬೆಳ್ಳಗೆ ಹರಿದುಹೋಗಿ ಕೈಯಲ್ಲಿ ಎಳೆದರೆ ಹಿಗ್ಗುವ ಮುದ್ದೆ ಉಳಿಯುತ್ತದೆ. 1728ರಲ್ಲಿ ಇಟಲಿಯ ಬೊಲೋನ್ಯಾದಲ್ಲಿ ಜಾಕೊಪೊ ಬೆಕ್ಕಾರಿ ಎಂಬ ವಿದ್ವಾಂಸ ಇದನ್ನು ಮಾಡಿ ತೋರಿಸಿ, ಸಸ್ಯದೊಳಗೂ ಪ್ರಾಣಿಮೂಲದ ವಸ್ತುವನ್ನು ಹೋಲುವ ಪದಾರ್ಥವಿದೆ ಎಂದ. ಅದೇ ಗ್ಲುಟೆನ್. ಗ್ಲಯಡಿನ್ ಮತ್ತು ಗ್ಲುಟೆನಿನ್ ಎಂಬ ಎರಡು ಬಗೆಯ ಪ್ರೋಟೀನುಗಳು ನೀರು ಕುಡಿದು ಹೆಣೆದುಕೊಂಡ ಬಲೆ. ಚಪಾತಿ ಹರಿಯದೆ ಹಿಗ್ಗುವುದು, ಬ್ರೆಡ್ಡು ಗಾಳಿ ಹಿಡಿದು ಉಬ್ಬುವುದು ಈ ಬಲೆಯಿಂದ. ಬಾರ್ಲಿ, ರೈ ಧಾನ್ಯಗಳಲ್ಲಿಯೂ ಇದರ ದಾಯಾದಿಗಳಿವೆ. ಅಕ್ಕಿ, ರಾಗಿ, ಜೋಳ, ನವಣೆಗಳಲ್ಲಿ ಇಲ್ಲ.

ಸೀಲಿಯಾಕ್ ಎಂಬ ಕಾಯಿಲೆಯನ್ನು ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ 1888ರಲ್ಲಿ ಚೆನ್ನಾಗಿಯೇ ವರ್ಣಿಸಿದ್ದ. ಉಬ್ಬಿದ ಹೊಟ್ಟೆ, ಸೊರಗಿದ ಕೈಕಾಲು, ನಿಲ್ಲದ ಭೇದಿ. ಮಕ್ಕಳು ಬೆಳೆಯುವುದೇ ಇಲ್ಲ. ಇದು ವಾಸಿಯಾಗುವುದಾದರೆ ಆಹಾರದಿಂದಲೇ ಎಂದು ಅವನಿಗೆ ಅನ್ನಿಸಿತ್ತು, ಆದರೆ ಯಾವ ಆಹಾರವೆಂದು ಹೊಳೆಯಲಿಲ್ಲ. 1924ರಲ್ಲಿ ಅಮೆರಿಕದ ಸಿಡ್ನಿ ಹಾಸ್ ಬಾಳೆಹಣ್ಣಿನ ಪಥ್ಯ ಹೇಳಿದ. ಬಹಳ ಮಕ್ಕಳು ಚೇತರಿಸಿಕೊಂಡರು. ಬಾಳೆಹಣ್ಣಿನಲ್ಲೇ ಏನೋ ಔಷಧಿಯಿದೆ ಎಂದು ಎಲ್ಲರೂ ನಂಬಿದರು. ಆ ಪಥ್ಯದಲ್ಲಿ ಬ್ರೆಡ್ಡು ಇರಲಿಲ್ಲ ಎಂಬುದರ ಕಡೆಗೆ ಯಾರ ಗಮನವೂ ಹೋಗಲಿಲ್ಲ.

ಹೋದದ್ದು ನೆದರ್ಲೆಂಡ್ಸಿನ ಮಕ್ಕಳ ವೈದ್ಯ ವಿಲ್ಲೆಮ್ ಕಾರೆಲ್ ಡಿಕೆಯ ಗಮನ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944–45ರ ಚಳಿಗಾಲದಲ್ಲಿ, ಜರ್ಮನರ ದಿಗ್ಬಂಧನದಿಂದ ಆ ದೇಶದ ಪಶ್ಚಿಮ ಭಾಗ ಹಸಿವಿನಲ್ಲಿ ಬೆಂದುಹೋಯಿತು. ಜನ ಟುಲಿಪ್ ಗೆಡ್ಡೆ ಬೇಯಿಸಿ ತಿಂದರು. ಆ ಬರಗಾಲದಲ್ಲಿ ಉಳಿದೆಲ್ಲ ಮಕ್ಕಳೂ ಸೊರಗುತ್ತಿದ್ದಾಗ ಸೀಲಿಯಾಕ್ ಮಕ್ಕಳು ಮಾತ್ರ ಸುಧಾರಿಸಿದರು. ಯುದ್ಧ ಮುಗಿದು ಬ್ರೆಡ್ಡು ಮತ್ತೆ ಬಂದಾಗ ಪುನಃ ಮಲಗಿದರು. ಈ ಕತೆಯನ್ನು ಹೇಳುವವರು ಡಿಕೆಗೆ ಬರಗಾಲದಲ್ಲೇ ಜ್ಞಾನೋದಯವಾಯಿತು ಎಂಬಂತೆ ಹೇಳುತ್ತಾರೆ. ನಿಜವೇನೆಂದರೆ ಯುದ್ಧಕ್ಕೆ ಮುಂಚೆಯೇ, 1930ರ ದಶಕದಲ್ಲಿಯೇ, ಅವನಿಗೆ ಗೋಧಿಯ ಮೇಲೆ ಗುಮಾನಿಯಿತ್ತು, ಮಕ್ಕಳ ಪಥ್ಯದಲ್ಲಿ ಗೋಧಿ ಬಿಡಿಸಿ ನೋಡುತ್ತಿದ್ದ. ಯಾರೂ ಬೇಕೆಂದು ಮಾಡಲಾಗದ ಪ್ರಯೋಗವನ್ನು ಬರಗಾಲ ಇಡೀ ಒಂದು ಪ್ರದೇಶದ ಮೇಲೆ ಮಾಡಿ, ಅವನ ಗುಮಾನಿಯನ್ನು ಗಟ್ಟಿ ಮಾಡಿತು. 1950ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರೌಢಪ್ರಬಂಧದಲ್ಲಿ ಅವನು ಲೆಕ್ಕಾಚಾರದೊಂದಿಗೆ ಅದನ್ನು ದಾಖಲಿಸಿದ.

ತೊಂದರೆ ಇರುವುದು ಗ್ಲುಟೆನ್ನಿನ ರಚನೆಯಲ್ಲಿ. ಅದರಲ್ಲಿ ಪ್ರೋಲೀನ್ ಎಂಬ ಅಮೈನೋ ಆಮ್ಲ ಅತಿಯಾಗಿದೆ. ಪ್ರೋಲೀನ್ ಇದ್ದಲ್ಲಿ ನಮ್ಮ ಜೀರ್ಣರಸಗಳ ಕತ್ತರಿ ಆಡುವುದಿಲ್ಲ. ಹೀಗಾಗಿ ಉದ್ದುದ್ದ ತುಂಡುಗಳು ಹಾಗೇ ಸಣ್ಣಕರುಳಿಗೆ ಇಳಿಯುತ್ತವೆ. 33 ಅಮೈನೋ ಆಮ್ಲಗಳ ಅಂಥದೊಂದು ಹಟಮಾರಿ ತುಂಡನ್ನು 2002ರಲ್ಲಿ ವಿಜ್ಞಾನಿಗಳು ಗುರುತಿಸಿದರು. ಬಹುಪಾಲು ಜನರಿಗೆ ಇದರಿಂದ ಏನೂ ಆಗದು. ನೂರರಲ್ಲಿ ಹೆಚ್ಚುಕಡಿಮೆ ಒಬ್ಬರ ರೋಗನಿರೋಧಕ ವ್ಯವಸ್ಥೆ ಮಾತ್ರ ಈ ತುಂಡನ್ನು ಶತ್ರುವೆಂದು ತಿಳಿದು ಯುದ್ಧಕ್ಕೆ ನಿಲ್ಲುತ್ತದೆ, ಆ ಯುದ್ಧದಲ್ಲಿ ಕರುಳಿನ ಒಳಗೋಡೆಯ ಸೂಕ್ಷ್ಮ ಬೆರಳುಗಳೇ ಸವೆದುಹೋಗುತ್ತವೆ. ದಿನಕ್ಕೆ ಬರೀ 50 ಮಿಲಿಗ್ರಾಂ ಗ್ಲುಟೆನ್ ಮೂರು ತಿಂಗಳು ಹೊಟ್ಟೆಗೆ ಹೋದರೂ ಹಾನಿ ಕಾಣಿಸಿಕೊಳ್ಳುತ್ತದೆ. ಒಂದು ಹೋಳು ಬ್ರೆಡ್ಡಿನಲ್ಲಿ ಇರುವುದು ಸುಮಾರು 2 ಗ್ರಾಂ. ಅಂದರೆ ಹೋಳಿನ ನಲವತ್ತನೆಯ ಒಂದು ಪಾಲು ಸಾಕು. ಆದ್ದರಿಂದ “ಮೇಲಿನ ಬ್ರೆಡ್ ಪುಡಿ ಕೆರೆದು ತೆಗೆದು ಕೊಡ್ತೀನಿ ಬಿಡಿ” ಎನ್ನುವ ಉಪಚಾರ ಸೀಲಿಯಾಕ್ ಇರುವವರಿಗೆ ಉಪಚಾರವಾಗುವುದಿಲ್ಲ. ಭಾರತದಲ್ಲಿಯೂ ಅಂತಾರಾಷ್ಟ್ರೀಯ ಮಾನದಂಡದಲ್ಲಿಯೂ ಗ್ಲುಟೆನ್‌ರಹಿತ ಎಂದು ಪೊಟ್ಟಣದ ಮೇಲೆ ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಂ ಮೀರುವಂತಿಲ್ಲ.

ಹಾಲಿನ ಕತೆ ಇಷ್ಟು ಕಠೋರವಲ್ಲ, ಆದರೆ ಅದರಲ್ಲಿ ಎರಡು ಬೇರೆ ಬೇರೆ ಕತೆಗಳನ್ನು ಕಲಸಿಬಿಟ್ಟಿದ್ದೇವೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವ ಎಳೆಗೂಸುಗಳಲ್ಲಿ ಧಾರಾಳ. ಮೊಲೆಹಾಲು ಬಿಟ್ಟ ಮೇಲೆ ಪ್ರಪಂಚದ ಸುಮಾರು ಮೂರನೇ ಎರಡರಷ್ಟು ಜನರಲ್ಲಿ ಅದು ಇಳಿದುಹೋಗುತ್ತದೆ. ಹಾಲು ದಕ್ಕದಿರುವುದೇ ಸಸ್ತನಿಗಳ ಸಹಜ ಸ್ಥಿತಿ. ದೊಡ್ಡವರಾದ ಮೇಲೂ ದಕ್ಕಿಸಿಕೊಳ್ಳುವವರೇ ಅಪವಾದ. ಅದಕ್ಕೆ ಕಾರಣವಾದ ಒಂದಕ್ಷರದ ಜೀನ್ ವ್ಯತ್ಯಾಸವನ್ನು 2002ರಲ್ಲಿ ಫಿನ್ಲೆಂಡಿನ ಕುಟುಂಬಗಳಲ್ಲಿ ಪತ್ತೆಹಚ್ಚಿದರು. ಅದೇ ವ್ಯತ್ಯಾಸ ಭಾರತದಲ್ಲಿಯೂ ಇದೆ, ಉತ್ತರದಲ್ಲಿ ಹೆಚ್ಚು, ದಕ್ಷಿಣದಲ್ಲಿ ಕಡಿಮೆ. ಇನ್ನೊಂದು ಕತೆ ಹಾಲಿನ ಪ್ರೋಟೀನಿನ ಅಲರ್ಜಿ. ಅದು ಕೇಸೀನ್ ಇಲ್ಲವೇ ವೇ ಪ್ರೋಟೀನಿನ ವಿರುದ್ಧ ದೇಹದ ಉಗ್ರ ಪ್ರತಿಕ್ರಿಯೆ, ಕೆಲವೊಮ್ಮೆ ಜೀವಕ್ಕೇ ಅಪಾಯ. ವರ್ಷಗಟ್ಟಲೆ ಮಾಗಿಸಿದ ಪಾರ್ಮೆಸಾನಿನಲ್ಲಿ ಲ್ಯಾಕ್ಟೋಸ್ ಉಳಿದಿರುವುದೇ ಇಲ್ಲ ಎನ್ನಬಹುದು. ಲ್ಯಾಕ್ಟೋಸ್ ದಕ್ಕದವರು ಅದನ್ನು ನಿಶ್ಚಿಂತೆಯಿಂದ ತಿನ್ನಬಹುದು. ಅಲರ್ಜಿಯವರು ಚೂರೂ ಮುಟ್ಟುವಂತಿಲ್ಲ. ತುಪ್ಪವೂ ಅಷ್ಟೇ: ಅದರಲ್ಲಿ ಹಾಲಿನ ಪ್ರೋಟೀನಿನ ಲೇಶ ಉಳಿದಿರಬಹುದು. ಹಾಗಾಗಿ ಅಡುಗೆಗೆ ಇಳಿಯುವ ಮುನ್ನ ನೆಂಟರನ್ನು ಕೇಳಬೇಕಾದದ್ದು ಇದು: “ನಿಮಗೆ ಹಾಲು ದಕ್ಕುವುದಿಲ್ಲವೋ, ಅಲರ್ಜಿಯೋ?”

ಇನ್ನು ಅಣಬೆ. ಮಾರುಕಟ್ಟೆಯ ಬಿಳಿ ಬಟನ್ ಅಣಬೆ, ಕಂದು ಕ್ರೆಮಿನಿ, ಅಂಗೈಯಗಲದ ಪೋರ್ಟೊಬೆಲ್ಲೊ ಮೂರೂ ಒಂದೇ ಜಾತಿ, ಅಗಾರಿಕಸ್ ಬೈಸ್ಪೋರಸ್. ಮೂಲದಲ್ಲಿ ಅದು ಕಂದು. ಅಚ್ಚ ಬಿಳಿಯ ತಳಿ 1920ರ ದಶಕದಲ್ಲಿ ಪೆನ್ಸಿಲ್ವೇನಿಯಾದ ಒಂದು ತೋಟದಲ್ಲಿ ತಾನಾಗಿ ಹುಟ್ಟಿಕೊಂಡಿತು. ನೋಡಲು ಶುಭ್ರವಾಗಿದೆ ಎಂದು ಜನ ಅದನ್ನೇ ಕೊಳ್ಳತೊಡಗಿದರು. ಬೆಲೆ ಬೇರೆ ಬೇರೆ ಇಟ್ಟು ಮೂರು ಹೆಸರಿನಲ್ಲಿ ಒಂದೇ ಜೀವಿಯನ್ನು ಮಾರುವ ಈ ಜಾಣತನಕ್ಕೆ ತಲೆದೂಗಲೇಬೇಕು.

ಹೂರಣ ತುಂಬಲು ಅಣಬೆಯಷ್ಟು ಯೋಗ್ಯ ಪಾತ್ರೆ ತರಕಾರಿಗಳಲ್ಲಿಲ್ಲ. ಬದನೆ, ಹೀರೆ, ಟೊಮೆಟೊಗಳ ಜೀವಕೋಶಗಳನ್ನು ಅಂಟಿಸಿರುವುದು ಪೆಕ್ಟಿನ್. ಬಿಸಿ ತಾಕಿದರೆ ಅದು ಕರಗಿ, ಕಾಯಿ ಮೆತ್ತಗಾಗುತ್ತದೆ. ಹೊತ್ತು ಮೀರಿದರೆ ಎಣ್ಣೆಗಾಯಿಯ ಬದನೆ ಬಾಯಿಬಿಟ್ಟು ಹೂರಣವೆಲ್ಲ ಗೊಜ್ಜಿಗೆ ಸೇರುತ್ತದೆ. ಅಣಬೆಯ ಕೋಶಗಳ ಗೋಡೆಯಲ್ಲಿರುವುದು ಕೈಟಿನ್, ಏಡಿಯ ಚಿಪ್ಪಿನಲ್ಲಿಯೂ ಜೀರುಂಡೆಯ ಕವಚದಲ್ಲಿಯೂ ಇರುವ ವಸ್ತು. ಓವನ್ನಿನ ಬಿಸಿಗೆ ಅದು ಜಗ್ಗುವುದಿಲ್ಲ. ಹತ್ತು ನಿಮಿಷ ಹೆಚ್ಚು ಬೆಂದರೂ ಟೊಪ್ಪಿ ಟೊಪ್ಪಿಯಾಗಿಯೇ ಇರುತ್ತದೆ. ಮನೆ ತುಂಬ ಜನ, ಗದ್ದಲ, ಓವನ್ ಮರೆತುಹೋಗುವ ದಿನಕ್ಕೆ ಇದಕ್ಕಿಂತ ಕ್ಷಮಾಗುಣದ ಪದಾರ್ಥ ಸಿಗದು.

ಅದರ ಅವಗುಣ ನೀರು. ತೂಕದಲ್ಲಿ ಶೇಕಡ 92ರಷ್ಟು ನೀರೇ. ಅರ್ಧ ಕಿಲೋ ಅಣಬೆಯೊಳಗೆ 450 ಮಿಲಿಲೀಟರಿಗೂ ಮಿಕ್ಕಿ ನೀರಿದೆ, ಬಿಸಿಯಾದಾಗ ಕೋಶಗಳ ಪೊರೆ ಹರಿದು ಅದರ ದೊಡ್ಡ ಪಾಲು ಹೊರಬರುತ್ತದೆ. ಅಣಬೆ ತೊಳೆದರೆ ನೀರು ಹೀರಿಕೊಳ್ಳುತ್ತದೆ, ಬಟ್ಟೆಯಲ್ಲಿ ಒರೆಸಬೇಕು ಎಂದು ಪಾಕಪುಸ್ತಕಗಳು ಗದರಿಸುತ್ತವೆ. ಅಡುಗೆ ವಿಜ್ಞಾನದ ಲೇಖಕ ಹೆರಾಲ್ಡ್ ಮೆಗೀ ಅಣಬೆಯನ್ನು ನೆನೆಸಿ ತೂಗಿಯೇ ನೋಡಿದರು. ಹೀರಿಕೊಂಡದ್ದು ಗಣನೆಗೆ ಬಾರದಷ್ಟು. ಧಾರಾಳವಾಗಿ ತೊಳೆಯಿರಿ. ಚಿಂತೆ ಮಾಡಬೇಕಾದದ್ದು ಒಳಗೇ ಇರುವ ನೀರಿನ ಬಗ್ಗೆ.

ಬ್ರೆಡ್ಡಿನ ಪುಡಿಯ ಮೊದಲ ಹುದ್ದೆ ಆ ನೀರನ್ನು ಹೀರುವುದು. ಬ್ರೆಡ್ಡಿನ ಪಿಷ್ಟ ಒಮ್ಮೆ ಬೆಂದು, ತಣಿದು, ಒಣಗಿದೆ; ನೀರು ಸಿಕ್ಕ ತಕ್ಷಣ ಕುಡಿದು ಉಬ್ಬುತ್ತದೆ. ಇಲ್ಲಿ ಗ್ಲುಟೆನ್ನಿಗೆ ಹೇಳಿಕೊಳ್ಳುವಂಥ ಪಾತ್ರವೇ ಇಲ್ಲ, ಬೇಕಿರುವುದು ಬೆಂದು ಒಣಗಿದ ಪಿಷ್ಟ ಮಾತ್ರ. ಅಂಥದ್ದು ಕನ್ನಡಿಗರ ಅಡುಗೆಮನೆಯ ಡಬ್ಬಿಯಲ್ಲೇ ಇದೆ: ಅವಲಕ್ಕಿ. ಭತ್ತವನ್ನು ನೆನೆಸಿ, ಹುರಿದು, ಬಡಿದು ತೆಳ್ಳಗೆ ಮಾಡಿ ಒಣಗಿಸಿದ ಅದರಲ್ಲಿ ಪಿಷ್ಟ ಆಗಲೇ ಬೆಂದಿದೆ. ಪೇಪರ್ ಅವಲಕ್ಕಿಯನ್ನು ಕೈಯಲ್ಲಿ ಪುಡಿ ಮಾಡಿದರೆ ಬ್ರೆಡ್ಡಿನ ಪುಡಿಗೆ ಏನೂ ಕಡಿಮೆಯಿಲ್ಲ. ಗ್ಲುಟೆನ್‌ರಹಿತ ಬ್ರೆಡ್ಡಿನ ಪುಡಿಗಿಂತ ಇದೇ ಮೇಲು ಎಂಬುದು ನನ್ನ ತೀರ್ಮಾನ. ಓಟ್ಸ್ ಬೇಡ, ಅದು ಬೆಳೆಯುವ, ಬೀಸುವ ಜಾಗಗಳಲ್ಲಿ ಗೋಧಿ ಬೆರೆತಿರುವುದೇ ಹೆಚ್ಚು.

ಎರಡನೆಯ ಹುದ್ದೆ ಹಿಡಿದಿಡುವುದು. ಕರಗಿದ ಚೀಸಿನ ಕೇಸೀನ್ ಎಳೆಗಳು ಹೂರಣವನ್ನು ಕಟ್ಟಿಹಾಕುತ್ತಿದ್ದವು. ಇದಕ್ಕೆ ಹುರಿಗಡಲೆ ಪುಡಿ ಇದೆ. ಅದರ ಪ್ರೋಟೀನು ಮತ್ತು ಪಿಷ್ಟ ನೀರು ಕುಡಿದು ಬಿಗಿಯುತ್ತವೆ, ಹುರಿದದ್ದರಿಂದ ಹಸಿವಾಸನೆಯೂ ಇರದು. ಕ್ರೀಮ್ ಚೀಸಿನ ನುಣುಪು ಮತ್ತು ಜಿಡ್ಡು ಮೂರನೆಯ ಹುದ್ದೆ. ಅದಕ್ಕೆ ನೆನೆಸಿ ರುಬ್ಬಿದ ಗೋಡಂಬಿ. ಬಾದಾಮಿ, ಅಕ್ರೋಟುಗಳಿಗೆ ಹೋಲಿಸಿದರೆ ಗೋಡಂಬಿಯಲ್ಲಿ ಪಿಷ್ಟ ಹೆಚ್ಚು, ಹಾಗಾಗಿ ಬಿಸಿಯಾದಾಗ ಅದು ಒಡೆಯದೆ ಗಟ್ಟಿಯಾಗುತ್ತದೆ. ಹೋಟೆಲಿನ ಕುರ್ಮಾಗಳ ಗುಟ್ಟೂ ಇದೇ.

ಕಷ್ಟದ ಹುದ್ದೆ ನಾಲ್ಕನೆಯದು, ರುಚಿ. ಪಾರ್ಮೆಸಾನ್ ಮಾಗುವಾಗ ಅದರ ಪ್ರೋಟೀನುಗಳು ಮುರಿದು ಬಿಡಿ ಗ್ಲುಟಮೇಟ್ ರಾಶಿಯಾಗುತ್ತದೆ, ನೂರು ಗ್ರಾಮಿಗೆ ಒಂದು ಗ್ರಾಮಿಗಿಂತಲೂ ಹೆಚ್ಚು. 1908ರಲ್ಲಿ ಜಪಾನಿನ ಕಿಕುನಾಯೆ ಇಕೆಡಾ ಕೊಂಬು ಎಂಬ ಕಡಲಪಾಚಿಯ ಸಾರಿನಿಂದ ಇದೇ ಗ್ಲುಟಮೇಟನ್ನು ಬೇರ್ಪಡಿಸಿ, ಆ ರುಚಿಗೆ ಉಮಾಮಿ ಎಂದು ಹೆಸರಿಟ್ಟರು. ಸಿಹಿ, ಹುಳಿ, ಉಪ್ಪು, ಕಹಿಗಳ ಸಾಲಿಗೆ ಸೇರದ, ಬಾಯಿ ತುಂಬಿ ನಿಲ್ಲುವ ರುಚಿ. ಅಂಗಡಿಯ ಸಸ್ಯಮೂಲದ ಚೀಸುಗಳು ಬಹುತೇಕ ಕೊಬ್ಬರಿ ಎಣ್ಣೆ ಮತ್ತು ಪಿಷ್ಟ. ಕರಗುವುದನ್ನು ಕಲಿತಿವೆ, ಈ ರುಚಿ ಅವಕ್ಕೆ ಬಂದಿಲ್ಲ.

ದಾರಿ ತೋರಿಸಿದ್ದು 1957ರಲ್ಲಿ ಅಕಿರಾ ಕುನಿನಾಕಾ ಮಾಡಿದ ಶೋಧ. ಗ್ವಾನಿಲೇಟ್ ಎಂಬ ವಸ್ತು ಗ್ಲುಟಮೇಟ್ ಜೊತೆಗೂಡಿದರೆ ಉಮಾಮಿ ಬರೀ ಕೂಡುವುದಿಲ್ಲ, ಹಲವು ಪಟ್ಟು ಗುಣಿಸುತ್ತದೆ. ನಾಲಗೆಯ ಗ್ರಾಹಕವನ್ನು ಗ್ಲುಟಮೇಟ್ ಹಿಡಿದಾಗ ಗ್ವಾನಿಲೇಟ್ ಆ ಹಿಡಿತವನ್ನು ಬಿಗಿಗೊಳಿಸುತ್ತದೆ. ಗ್ವಾನಿಲೇಟ್ ಧಾರಾಳವಾಗಿ ಸಿಗುವುದು ಒಣಗಿಸಿದ ಶಿಟಾಕೆ ಅಣಬೆಯಲ್ಲಿ. ತಣ್ಣೀರಿನಲ್ಲಿ ನೆನೆಸಿ ಬಿಸಿಯೇರಿಸುವಾಗ ಅಣಬೆಯದೇ ಕಿಣ್ವಗಳು ಆರ್‌ಎನ್‌ಎಯನ್ನು ಕತ್ತರಿಸಿ ಅದನ್ನು ಹುಟ್ಟಿಸುತ್ತವೆ. ಬಟನ್ ಅಣಬೆಯಲ್ಲಿ ಗ್ಲುಟಮೇಟ್ ಇದ್ದೇ ಇದೆ, ಒಣ ಟೊಮೆಟೊದಲ್ಲಿ ಇನ್ನೂ ಹೆಚ್ಚು. ಹೀಗೆ ಮೂರು ಸಾಧಾರಣ ವಸ್ತುಗಳು ಕೂಡಿ ಪಾರ್ಮೆಸಾನಿನ ಕುರ್ಚಿ ತುಂಬುತ್ತವೆ. ಇದು ನಕಲಿ ಚೀಸಿನ ರುಚಿಯಾಗಿರುವುದಿಲ್ಲ, ಅಣಬೆಯ ರುಚಿಯೇ ಇಮ್ಮಡಿಯಾಗಿರುತ್ತದೆ. ನನಗೆ ಇದೇ ಇಷ್ಟ.

ಇನ್ನು ಮಾಡುವ ಬಗೆ. ಮಧ್ಯಮ ಗಾತ್ರದ 24 ಅಣಬೆ, ಸುಮಾರು ಅರ್ಧ ಕಿಲೋ, ತೊಳೆದು ಕಾಂಡ ಬಿಡಿಸಿ. ನಾಲ್ಕು ಒಣ ಶಿಟಾಕೆಯನ್ನು ಮುಂಚೆಯೇ ತಣ್ಣೀರಿನಲ್ಲಿ ನೆನೆಹಾಕಿರಿ, ಅರ್ಧ ಬಟ್ಟಲು ಗೋಡಂಬಿಯನ್ನು ಬಿಸಿನೀರಿನಲ್ಲಿ. ಓವನ್ 200 ಡಿಗ್ರಿ ಸೆಲ್ಸಿಯಸ್ ಕಾಯಲಿ. ಟೊಪ್ಪಿಗಳಿಗೆ ಎಣ್ಣೆ, ಚಿಟಿಕೆ ಉಪ್ಪು ಸವರಿ, ಬಾಯಿ ಮೇಲಾಗಿಟ್ಟು ಹತ್ತು ಹನ್ನೆರಡು ನಿಮಿಷ ಬರಿದೇ ಬೇಯಿಸಿ. ಉಪ್ಪು ನೀರನ್ನು ಹೊರಗೆಳೆಯುತ್ತದೆ, ಪ್ರತಿ ಟೊಪ್ಪಿಯೂ ಪುಟ್ಟ ಬಾವಿಯಾಗುತ್ತದೆ. ಹೂರಣದ ಜೊತೆ ಸೇರಬೇಕಾಗಿದ್ದ ನೀರು ಮೊದಲೇ ಹೊರಬಂತು. ಅದನ್ನು ಚೆಲ್ಲಬೇಡಿ, ಗ್ಲುಟಮೇಟ್ ನೀರಿನಲ್ಲಿ ಕರಗುವ ವಸ್ತು, ರುಚಿಯೆಲ್ಲ ಅದರಲ್ಲಿದೆ.

ಬಾಣಲೆಯಲ್ಲಿ ಎರಡು ಚಮಚ ಎಣ್ಣೆಗೆ ಒಂದು ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ, ಹೆಚ್ಚಿದ ಕಾಂಡ, ನೆನೆದ ಶಿಟಾಕೆಯ ಚೂರು ಹಾಕಿ, ನೀರಾರಿ ಕಂದು ಬಣ್ಣ ಬರುವವರೆಗೆ ಬಾಡಿಸಿ. ಈ ಕಂದಿಗೆ ಅವಸರ ಮಾಡಬಾರದು. ನೀರಿರುವವರೆಗೆ ಬಾಣಲೆಯೊಳಗಿನ ಬಿಸಿ 100 ಡಿಗ್ರಿ ದಾಟದು. ಫ್ರಾನ್ಸಿನ ಲೂಯಿ ಕಮಿಲ್ ಮೈಯಾರ್ 1912ರಲ್ಲಿ ವರ್ಣಿಸಿದ, ಹುರಿದ ಘಮಕ್ಕೆಲ್ಲ ಮೂಲವಾದ ಆ ರಾಸಾಯನಿಕ ಕ್ರಿಯೆ ಚುರುಕಾಗಲು ಸುಮಾರು 140 ಡಿಗ್ರಿ ಬೇಕು. ಆಮೇಲೆ ಶಿಟಾಕೆ ನೆನೆಸಿದ ನೀರು, ಟೊಪ್ಪಿಗಳ ನೀರು ಎರಡನ್ನೂ ಸುರಿದು ಬತ್ತಿಸಿ. ಹೆಚ್ಚಿದ ಒಣ ಟೊಮೆಟೊ, ರುಬ್ಬಿದ ಗೋಡಂಬಿ, ಎರಡು ಚಮಚ ಹುರಿಗಡಲೆ ಪುಡಿ, ಅರ್ಧ ಬಟ್ಟಲು ಅವಲಕ್ಕಿ ಪುಡಿ, ಕಾಳುಮೆಣಸು, ಪಾರ್ಸ್ಲಿ ಅಥವಾ ಕೊತ್ತಂಬರಿ, ನಿಂಬೆರಸ ಬೆರೆಸಿ. ಉಂಡೆ ಕಟ್ಟಿದರೆ ನಿಲ್ಲುವಂತಿರಬೇಕು. ಸಡಿಲವಾದರೆ ಇನ್ನಷ್ಟು ಅವಲಕ್ಕಿ. ಟೊಪ್ಪಿಗಳಲ್ಲಿ ತುಂಬಿ, ಎಣ್ಣೆಯಲ್ಲಿ ಹೊರಳಿಸಿದ ಅವಲಕ್ಕಿ ಪುಡಿಯನ್ನು ಮೇಲೆ ಉದುರಿಸಿ ಹದಿನೈದು ನಿಮಿಷ ಬೇಯಿಸಿದರೆ ಮೇಲ್ಪದರ ಗರಿಗರಿಯಾಗುತ್ತದೆ. ಹಿಂದಿನ ದಿನವೇ ತುಂಬಿ ಫ್ರಿಜ್ಜಿನಲ್ಲಿಡಬಹುದು, ಮೇಲಿನ ಪುಡಿ ಮಾತ್ರ ಓವನ್ನಿಗೆ ಇಡುವ ಮುನ್ನ.

ಒಗ್ಗರಣೆಯ ಕೈ ಸುಮ್ಮನಿರದೆ ಇಂಗು ಹಾಕಲು ಹೋದೀತು, ತಡೆಯಿರಿ. ಅಪ್ಪಟ ಇಂಗು ವಿಪರೀತ ಘಾಟಾದ್ದರಿಂದ ಡಬ್ಬಿಯಲ್ಲಿ ಮಾರುವ ಇಂಗಿಗೆ ಗೋಂದು ಮತ್ತು ಹಿಟ್ಟು ಬೆರೆಸಿರುತ್ತಾರೆ, ಆ ಹಿಟ್ಟು ಅನೇಕ ಬಾರಿ ಗೋಧಿಯದೇ. ಬಹುತೇಕ ಸೋಯಾ ಸಾಸುಗಳಲ್ಲಿಯೂ ಗೋಧಿ ಇರುತ್ತದೆ. ಬ್ರೆಡ್ಡು ಕೊಯ್ದ ಮರದ ಮಣೆ, ಚಪಾತಿ ಹಿಟ್ಟು ಕಲಸಿದ ಪಾತ್ರೆ, ಹಂಚಿಕೊಳ್ಳುವ ಸೌಟು ಇವೂ ಕಿಲೋಗೆ 20 ಮಿಲಿಗ್ರಾಮಿನ ಗೆರೆಯನ್ನು ದಾಟಿಸಬಲ್ಲವು. ಇನ್ನೊಂದು ಮಾತು: ಹಾಲಿನ ಅಲರ್ಜಿಯವರಿಗೆಂದು ನಾವು ಹಾಕಿದ ಗೋಡಂಬಿಯೇ ಬೇರೊಬ್ಬರಿಗೆ ಅಲರ್ಜಿ. ಅಂಥವರಿದ್ದರೆ ಗೋಡಂಬಿ ಬಿಟ್ಟು, ಗಟ್ಟಿ ತೆಂಗಿನಹಾಲು ಹಾಕಿ ಹುರಿಗಡಲೆ ಪುಡಿಯನ್ನು ಒಂದು ಚಮಚ ಹೆಚ್ಚಿಸಿ. ಏನೇ ಹಾಕಿರಿ, ತಟ್ಟೆಯ ಪಕ್ಕ ಒಂದು ಚೀಟಿ ಇಡಿ, ಏನಿಲ್ಲ ಎಂಬುದರ ಜೊತೆಗೆ ಏನೇನಿದೆ ಎಂಬುದನ್ನೂ ಅದರಲ್ಲಿ ಬರೆಯಿರಿ.